ಪೌರರಾಗುವ ಮೊದಲೇ ಮತದಾರರು: ಸರ್ ಬಿ.ಎನ್. ರಾವ್ ಅವರ ಬದುಕು

ಸಂವಿಧಾನ ಎಂದ ಕೂಡಲೇ ನಮಗೆಲ್ಲ ನೆನಪಾಗುವ ಹೆಸರು ಡಾ. ಬಿ.ಆರ್. ಅಂಬೇಡ್ಕರ್ ಅವರದು. ಅದು ಸರಿಯೇ. ಆದರೆ ಅವರ ಸಮಿತಿಯ ಮುಂದೆ ಬಂದ ಮೊದಲ ಕರಡನ್ನು ಸಿದ್ಧಪಡಿಸಿದವರು ಯಾರು? ಸ್ವತಂತ್ರ ಭಾರತದ ಮೊದಲ ಮತದಾರರ ಪಟ್ಟಿಯ ಕೆಲಸ ಶುರು ಮಾಡಿದ ಕಚೇರಿಗೆ ದಾರಿ ತೋರಿಸಿದವರು ಯಾರು? ಎರಡಕ್ಕೂ ಉತ್ತರ ಒಂದೇ: ನಮ್ಮದೇ ರಾಜ್ಯದ ಕರಾವಳಿಯ ಸರ್ ಬೆನಗಲ್ ನರಸಿಂಗ ರಾವ್. ಪಠ್ಯಪುಸ್ತಕದಲ್ಲಿ ಅವರಿಗೆ ಸಿಗುವುದು ಒಂದು ಸಾಲು, ಹೆಚ್ಚೆಂದರೆ ಒಂದು ಅಂಕದ ಪ್ರಶ್ನೆ.

ಈಗ ಪತ್ರಿಕೆ ತೆರೆದರೆ ಮತದಾರರ ಪಟ್ಟಿಯದ್ದೇ ಸುದ್ದಿ. ಪೌರರಲ್ಲದವರು ಪಟ್ಟಿಯೊಳಗೆ ಸೇರಿಕೊಂಡಿದ್ದಾರೆ ಎಂದು ಕೆಲವರು ಹೇಳುತ್ತಾರೆ. ಪೌರರ ಹೆಸರನ್ನೇ ತೆಗೆದುಹಾಕಿದ್ದಾರೆ ಎಂದು ಇನ್ನು ಕೆಲವರು ಹೇಳುತ್ತಾರೆ. ಇದು ಹೊಸ ಜಗಳ ಎಂದು ನಾವು ತಿಳಿದಿದ್ದೇವೆ. 1948ರಲ್ಲೇ ಇದೇ ಪ್ರಶ್ನೆ ರಾವ್ ಅವರ ಕಚೇರಿಯ ಬಾಗಿಲಿಗೆ ಬಂದಿತ್ತು. ಅದನ್ನು ಅವರು ಹೇಗೆ ಬಿಡಿಸಿದರು ಎಂದು ತಿಳಿಯುವುದು, ಇನ್ನೊಂದು ವರ್ಷದಲ್ಲಿ ಮತದಾರರಾಗುವ ನಮ್ಮಂಥವರಿಗೆ ಅಗತ್ಯ.

ಮಂಗಳೂರಿನಿಂದ ಕೇಂಬ್ರಿಡ್ಜ್‌ಗೆ

ನರಸಿಂಗ ರಾವ್ ಅವರು 1887ರ ಫೆಬ್ರುವರಿ 26ರಂದು ಹುಟ್ಟಿದರು. ತಂದೆ ಬೆನಗಲ್ ರಾಘವೇಂದ್ರ ರಾವ್ ವೈದ್ಯರು. ಓದಿದ್ದು ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ. ಆಗ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಇಡೀ ಪ್ರಾಂತ್ಯದ ವಿದ್ಯಾರ್ಥಿಗಳ ನಡುವೆ ಅವರು ಮೊದಲ ಸ್ಥಾನ ಪಡೆದರು. ಮುಂದೆ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಗ್ಲಿಷ್, ಭೌತವಿಜ್ಞಾನ, ಸಂಸ್ಕೃತ ಮೂರನ್ನೂ ಓದಿದರು. ಅದು ಸಾಲದೆಂಬಂತೆ ಗಣಿತವನ್ನೂ ಓದಿ, ವಿದ್ಯಾರ್ಥಿವೇತನದ ಮೇಲೆ ಕೇಂಬ್ರಿಡ್ಜ್‌ನ ಟ್ರಿನಿಟಿ ಕಾಲೇಜಿಗೆ ಹೋದರು. ವಿಜ್ಞಾನ ಓದಿದವರು ಕಲೆ ಓದಬಾರದು, ಕಾಮರ್ಸ್‌ನವರಿಗೆ ಸಂವಿಧಾನ ಯಾಕೆ ಎಂದು ಕೇಳುವವರು ಇವರ ಓದಿನ ಪಟ್ಟಿಯನ್ನು ನೋಡಬೇಕು.

ಕಾಮರ್ಸ್ ವಿಭಾಗದವರಿಗೆ ಇನ್ನೊಂದು ವಿಷಯ. ಇವರ ತಮ್ಮ ಬೆನಗಲ್ ರಾಮ ರಾವ್ 1949ರಿಂದ 1957ರವರೆಗೆ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದರು. ಆ ಹುದ್ದೆಯಲ್ಲಿ ಅವರಷ್ಟು ಕಾಲ ಯಾರೂ ಇದ್ದಿಲ್ಲ. ಇನ್ನೊಬ್ಬ ತಮ್ಮ ಬಿ. ಶಿವರಾವ್ ಪತ್ರಕರ್ತರು, ಸಂವಿಧಾನ ಸಭೆಯ ಸದಸ್ಯರು. ಒಂದೇ ಮನೆಯ ಮೂವರು ಅಣ್ಣತಮ್ಮಂದಿರು ದೇಶದ ಕಾನೂನು, ಹಣ, ಪತ್ರಿಕೆ ಮೂರರಲ್ಲೂ ಹೆಸರು ಮಾಡಿದರು.

ನರಸಿಂಗ ರಾವ್ 1909ರಲ್ಲಿ ಐಸಿಎಸ್ ಪರೀಕ್ಷೆ ಪಾಸಾಗಿ ಬಂಗಾಳದಲ್ಲಿ ಕೆಲಸಕ್ಕೆ ಸೇರಿದರು. ಹೆಚ್ಚಿನವರು ಕಲೆಕ್ಟರ್ ಕುರ್ಚಿಯನ್ನು ಬಯಸುವ ಕಾಲದಲ್ಲಿ ಇವರು ನ್ಯಾಯಾಂಗದ ಕಡೆಗೆ ಹೋದರು. 1925ರಿಂದ 1933ರವರೆಗೆ ಅಸ್ಸಾಂ ಸರ್ಕಾರದಲ್ಲಿ ಕಾನೂನಿನ ಕೆಲಸ ನೋಡಿಕೊಂಡರು, ಅಲ್ಲಿನ ಶಾಸನ ಪರಿಷತ್ತಿನ ಕಾರ್ಯದರ್ಶಿಯೂ ಆದರು. ಈ ಅಸ್ಸಾಂ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಮತ್ತೆ ಬರುತ್ತದೆ.

1935ರಲ್ಲಿ ಬ್ರಿಟಿಷರು ಹೊಸ ಭಾರತ ಸರ್ಕಾರದ ಕಾಯ್ದೆ ತಂದಾಗ ದೇಶದ ಹಳೆಯ ಕಾನೂನುಗಳನ್ನೆಲ್ಲ ಅದಕ್ಕೆ ಹೊಂದುವಂತೆ ತಿದ್ದಬೇಕಾಯಿತು. ಆ ದೊಡ್ಡ ಕೆಲಸವನ್ನು ರಾವ್ ಅವರಿಗೆ ವಹಿಸಿದರು. ಅದನ್ನು ಮುಗಿಸಿದ ಮೇಲೆ 1938ರಲ್ಲಿ ಅವರಿಗೆ ಸರ್ ಪದವಿ ಸಿಕ್ಕಿತು. ಆಮೇಲೆ ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶರಾದರು. ಹಿಂದೂ ಕಾನೂನನ್ನು ಸುಧಾರಿಸುವ ಸಮಿತಿಯ ಅಧ್ಯಕ್ಷರಾದರು. ಸಿಂಧೂ ನದಿಯ ನೀರಿನ ಬಗ್ಗೆ ಸಿಂಧ್ ಮತ್ತು ಪಂಜಾಬ್ ಪ್ರಾಂತ್ಯಗಳು ಜಗಳವಾಡಿದಾಗ ವಿಚಾರಣೆ ನಡೆಸಿದ ಆಯೋಗದ ಮುಖ್ಯಸ್ಥರೂ ಇವರೇ. ಮೇಲಿನ ಭಾಗದವರು ನೀರು ತಡೆದರೆ ಕೆಳಭಾಗದವರ ಗತಿ ಏನಾಗುತ್ತದೆ ಎಂಬುದು ತುಂಗಭದ್ರಾ ಎಡದಂಡೆ ಕಾಲುವೆಯ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1944ರಲ್ಲಿ ನಿವೃತ್ತರಾದ ಮೇಲೆ ಸ್ವಲ್ಪ ಕಾಲ ಜಮ್ಮು ಮತ್ತು ಕಾಶ್ಮೀರ ಸಂಸ್ಥಾನದ ಪ್ರಧಾನಮಂತ್ರಿಯಾಗಿದ್ದರು.

ಸಂಬಳವಿಲ್ಲದ ಸಲಹೆಗಾರ

1946ರಲ್ಲಿ ಸಂವಿಧಾನ ಸಭೆಗೆ ಸಲಹೆಗಾರರು ಬೇಕಾದಾಗ ರಾವ್ ಅವರನ್ನು ಕರೆದರು. ಅವರು ಸಂಬಳ ತೆಗೆದುಕೊಳ್ಳದೆ ಗೌರವ ಸಲಹೆಗಾರರಾಗಿ ದುಡಿದರು. ಅವರು ಸಭೆಯ ಸದಸ್ಯರಲ್ಲ, ಅವರಿಗೆ ಅಲ್ಲಿ ಮತವಿರಲಿಲ್ಲ. ಬೇರೆ ಬೇರೆ ದೇಶಗಳ ಸಂವಿಧಾನಗಳನ್ನು ಓದಿ, ಸದಸ್ಯರಿಗೆ ಅರ್ಥವಾಗುವಂತೆ ಟಿಪ್ಪಣಿ ಬರೆದುಕೊಟ್ಟರು. 1947ರ ಅಕ್ಟೋಬರಿನಲ್ಲಿ ಮೊದಲ ಕರಡನ್ನು ಮುಗಿಸಿದರು. ನಂತರ ಅಮೆರಿಕ, ಕೆನಡಾ, ಐರ್ಲೆಂಡ್, ಬ್ರಿಟನ್ ದೇಶಗಳಿಗೆ ಹೋಗಿ ಅಲ್ಲಿನ ನ್ಯಾಯಾಧೀಶರು ಮತ್ತು ಕಾನೂನು ಪಂಡಿತರ ಜೊತೆ ಚರ್ಚಿಸಿ ಬಂದರು. ಬರ್ಮಾ ದೇಶದ ಸಂವಿಧಾನ ಬರೆಯುವುದಕ್ಕೂ ನೆರವಾದರು. 1949ರ ನವೆಂಬರಿನಲ್ಲಿ ಸಂವಿಧಾನ ಸಿದ್ಧವಾದಾಗ ಅಂಬೇಡ್ಕರ್ ಅವರು ತಮಗೆ ಬಂದ ಹೊಗಳಿಕೆಯಲ್ಲಿ ಒಂದು ಪಾಲು ರಾವ್ ಅವರಿಗೆ ಸೇರಬೇಕೆಂದು ಸಭೆಯಲ್ಲೇ ಹೇಳಿದರು.

ಇಷ್ಟು ವಿಷಯ ಕೆಲವರಿಗಾದರೂ ಗೊತ್ತಿರುತ್ತದೆ. ಹೆಚ್ಚಿನವರಿಗೆ ಗೊತ್ತಿಲ್ಲದ್ದು ಮತದಾರರ ಪಟ್ಟಿಯ ಕಥೆ.

ಬ್ರಿಟಿಷರ ಕಾಲದಲ್ಲಿ ಎಲ್ಲರಿಗೂ ಮತವಿರಲಿಲ್ಲ. ಆಸ್ತಿ ಇರಬೇಕು, ತೆರಿಗೆ ಕಟ್ಟಿರಬೇಕು, ಇಲ್ಲವೇ ಓದಿರಬೇಕು. 1935ರ ಕಾಯ್ದೆಯ ಅಡಿಯಲ್ಲಿ ಮತ ಹಾಕಬಲ್ಲವರು ಮೂರು ಕೋಟಿಯ ಆಸುಪಾಸು. ಜೊತೆಗೆ ಮುಸ್ಲಿಮರಿಗೆ ಬೇರೆ, ಉಳಿದವರಿಗೆ ಬೇರೆ ಮತಕ್ಷೇತ್ರಗಳಿದ್ದವು. ಈಗ ವಯಸ್ಸಿಗೆ ಬಂದ ಪ್ರತಿಯೊಬ್ಬರಿಗೂ ಮತ ಎಂದು ತೀರ್ಮಾನವಾಯಿತು. ಗಂಡು ಹೆಣ್ಣು, ಬಡವ ಶ್ರೀಮಂತ, ಓದಿದವರು ಓದದವರು ಎಲ್ಲರೂ ಒಂದೇ ಪಟ್ಟಿಯಲ್ಲಿ. ಆಗ ಚುನಾವಣಾ ಆಯೋಗ ಇನ್ನೂ ಹುಟ್ಟಿರಲಿಲ್ಲ. ಸಂವಿಧಾನ ಜಾರಿಯಾದ ಮೇಲೆ ಪಟ್ಟಿ ಮಾಡೋಣ ಎಂದು ಕುಳಿತಿದ್ದರೆ ಮೊದಲ ಚುನಾವಣೆ ಎಷ್ಟೋ ಮುಂದಕ್ಕೆ ಹೋಗುತ್ತಿತ್ತು. ಆದ್ದರಿಂದ 1947ರ ಕೊನೆಯಲ್ಲಿ ರಾವ್ ಅವರ ಮಾರ್ಗದರ್ಶನದಲ್ಲಿದ್ದ ಸಂವಿಧಾನ ಸಭೆಯ ಸಚಿವಾಲಯ ಆ ಕೆಲಸವನ್ನು ಕೈಗೆತ್ತಿಕೊಂಡಿತು. 1948ರ ಮಾರ್ಚ್‌ನಲ್ಲಿ ಎಲ್ಲ ಪ್ರಾಂತ್ಯ, ಸಂಸ್ಥಾನಗಳಿಗೆ ಸೂಚನೆ ಹೋಯಿತು: ಮನೆ ಮನೆಗೆ ಹೋಗಿ ಹೆಸರು ಬರೆಯಿರಿ. ಭಾರತದ ಪೌರರಾಗಿರಬೇಕು, 1949ರ ಜನವರಿ 1ಕ್ಕೆ 21 ವರ್ಷ ತುಂಬಿರಬೇಕು, 1948ರ ಮಾರ್ಚ್ 31ಕ್ಕೆ ಕೊನೆಯಾಗುವ ವರ್ಷದಲ್ಲಿ 180 ದಿನವಾದರೂ ಆ ಊರಿನಲ್ಲಿ ವಾಸವಿರಬೇಕು.

ಪೌರ ಯಾರು?

ಸೂಚನೆ ಓದಲು ಸರಳ. ಆದರೆ ಅದು ನೆಲಕ್ಕೆ ಇಳಿದಾಗ ಎರಡು ತೊಡಕು ಬಂದವು. ಮೊದಲನೆಯದು, ಭಾರತದ ಪೌರ ಯಾರು ಎಂದು ಹೇಳುವ ಕಾನೂನೇ ಆಗ ಇರಲಿಲ್ಲ. ಪೌರತ್ವದ ವಿಧಿಗಳು ಸಂವಿಧಾನ ಸಭೆಯಲ್ಲಿ ಚರ್ಚೆಯಾಗಿ ಒಪ್ಪಿಗೆ ಪಡೆದದ್ದು 1949ರ ಆಗಸ್ಟ್‌ನಲ್ಲಿ, ಜಾರಿಗೆ ಬಂದದ್ದು 1949ರ ನವೆಂಬರ್ 26ರಂದು. ಅಂದರೆ 1948ರಲ್ಲಿ ಪಟ್ಟಿಗೆ ಸೇರಿದ ಒಬ್ಬರ ಕೈಯಲ್ಲೂ ಪೌರತ್ವದ ದಾಖಲೆ ಇರಲು ಸಾಧ್ಯವಿರಲಿಲ್ಲ. ನಮ್ಮ ದೇಶದ ಜನ ಮೊದಲು ಮತದಾರರಾದರು, ಆಮೇಲೆ ಪೌರರಾದರು.

ಎರಡನೆಯದು, ವಿಭಜನೆ. ಲಕ್ಷಾಂತರ ಜನ ಊರು ಬಿಟ್ಟು ಬಂದಿದ್ದರು. ಶಿಬಿರದಲ್ಲೋ ನೆಂಟರ ಮನೆಯಲ್ಲೋ ಇರುವವರು 180 ದಿನದ ವಾಸವನ್ನು ಎಲ್ಲಿಂದ ತೋರಿಸಬೇಕು? ಕೆಲವು ಕಡೆ ಅಧಿಕಾರಿಗಳು ಇವರ ಹೆಸರು ಬರೆಯಲು ಒಪ್ಪಲಿಲ್ಲ. ಅಸ್ಸಾಂನಲ್ಲಿ ಈ ಸಮಸ್ಯೆ ಜೋರಾಗಿತ್ತು. ಪೂರ್ವ ಬಂಗಾಳದಿಂದ ಬಂದವರನ್ನು ಅಲ್ಲಿ ನೆಲೆ ಇಲ್ಲದ ಜನ ಎಂದು ನೋಡಿದರು, ಸ್ಥಳೀಯ ಆದೇಶಗಳು ಅವರನ್ನು ಹೊರಗಿಡುವಂತಿದ್ದವು. ಅಲ್ಲಿನ ಸಂಘಗಳು ದೆಹಲಿಗೆ ಪತ್ರದ ಮೇಲೆ ಪತ್ರ ಬರೆದವು. ಆ ಪತ್ರಗಳು ಬಂದ ಕಚೇರಿಯನ್ನು ನಡೆಸುತ್ತಿದ್ದವರು ಹಿಂದೆ ಎಂಟು ವರ್ಷ ಅಸ್ಸಾಂನಲ್ಲೇ ದುಡಿದಿದ್ದ ರಾವ್.

ಸಚಿವಾಲಯ ಆ ಪತ್ರಗಳನ್ನು ಬದಿಗೆ ಸರಿಸಲಿಲ್ಲ. ಅಸ್ಸಾಂ ಸರ್ಕಾರದಿಂದ ವಿವರಣೆ ಕೇಳಿತು. ಕೊನೆಗೆ ದೇಶಕ್ಕೆಲ್ಲ ಒಂದೇ ನಿಯಮ ಮಾಡಿತು: ನಿರಾಶ್ರಿತರು ತಾವಿರುವ ಊರಿನಲ್ಲೇ ಕಾಯಂ ಆಗಿ ನೆಲೆಸುತ್ತೇವೆ ಎಂದು ಘೋಷಣೆ ಕೊಟ್ಟರೆ ಸಾಕು, ವಾಸದ ದಿನಗಳನ್ನು ಲೆಕ್ಕ ಹಾಕದೆ ಹೆಸರು ಬರೆಯಬೇಕು. ಇದು ಕರಡು ಪಟ್ಟಿ. ಸಂವಿಧಾನ ಬಂದ ಮೇಲೆ ಪೌರತ್ವದ ನಿಯಮಕ್ಕೆ ಹೊಂದದ ಹೆಸರುಗಳನ್ನು ಪರಿಶೀಲಿಸಿ ತೆಗೆಯಬಹುದು.

ಈ ತೀರ್ಮಾನದಲ್ಲಿ ಅಪಾಯ ಇರಲಿಲ್ಲವೇ? ಇತ್ತು. ಘೋಷಣೆಯನ್ನು ನಂಬಿದರೆ ಸುಳ್ಳು ಹೇಳುವವರೂ ಒಳಗೆ ಬರಬಹುದು. ಆದರೆ ದಾಖಲೆಯೇ ಬೇಕೆಂದು ಹಟ ಹಿಡಿದಿದ್ದರೆ, ಮನೆ ಮಠ ಕಳೆದುಕೊಂಡು ಬಂದವರು ಮತವನ್ನೂ ಕಳೆದುಕೊಳ್ಳುತ್ತಿದ್ದರು. ಕಾಮರ್ಸ್‌ನವರಿಗೆ ಇದನ್ನು ನಮ್ಮ ಅಕೌಂಟೆನ್ಸಿ ಭಾಷೆಯಲ್ಲಿ ಹೇಳಬಹುದು. ಬರೆಯಬೇಕಾದದ್ದನ್ನು ಬಿಟ್ಟರೆ ಎರರ್ ಆಫ್ ಒಮಿಷನ್. ಬರೆದದ್ದನ್ನು ತಪ್ಪಾಗಿ ಬರೆದರೆ ಎರರ್ ಆಫ್ ಕಮಿಷನ್. ತಪ್ಪಾಗಿ ಬರೆದದ್ದು ಪುಸ್ತಕದಲ್ಲಿ ಕಣ್ಣಿಗೆ ಕಾಣುತ್ತದೆ, ಯಾರಾದರೂ ಬೆರಳಿಟ್ಟು ತೋರಿಸಬಹುದು. ಪೂರ್ತಿ ಬಿಟ್ಟುಹೋದದ್ದು ಟ್ರಯಲ್ ಬ್ಯಾಲೆನ್ಸ್‌ನಲ್ಲೂ ಸಿಗುವುದಿಲ್ಲ. ಪಟ್ಟಿಯಲ್ಲಿ ಇಲ್ಲದವನು ಮತಗಟ್ಟೆಗೆ ಬಂದ ದಿನವೇ ಅದು ಗೊತ್ತಾಗುವುದು, ಅಷ್ಟರಲ್ಲಿ ಕಾಲ ಮೀರಿರುತ್ತದೆ. ಇನ್ನೂ ಒಂದು ಇದೆ. ಒಂದು ಸುಳ್ಳು ಹೆಸರು ಸೇರಿ ಒಂದು ನಿಜ ಹೆಸರು ಹೋದರೆ ಒಟ್ಟು ಸಂಖ್ಯೆ ಸರಿಯಾಗಿಯೇ ಇರುತ್ತದೆ. ನಾವು ಓದುವ ಕಾಂಪೆನ್ಸೇಟಿಂಗ್ ಎರರ್ ಎಂದರೆ ಇದೇ. ಆದ್ದರಿಂದ ಒಟ್ಟು ಸಂಖ್ಯೆ ನೋಡಿ ಪಟ್ಟಿ ಶುದ್ಧವಾಗಿದೆ ಎನ್ನುವಂತಿಲ್ಲ.

ಸಂವಿಧಾನ ಜಾರಿಯಾಗುವ ಹೊತ್ತಿಗೆ ಕರಡು ಪಟ್ಟಿಯ ಕೆಲಸ ಬಹುಮಟ್ಟಿಗೆ ಮುಗಿದಿತ್ತು. 1950ರ ಜನವರಿ 25ರಂದು ಚುನಾವಣಾ ಆಯೋಗ ಹುಟ್ಟಿತು, ಸುಕುಮಾರ್ ಸೇನ್ ಮೊದಲ ಮುಖ್ಯ ಚುನಾವಣಾ ಆಯುಕ್ತರಾದರು. 1951-52ರ ಮೊದಲ ಚುನಾವಣೆಯ ಪಟ್ಟಿಯಲ್ಲಿ 17 ಕೋಟಿಗೂ ಹೆಚ್ಚು ಹೆಸರುಗಳಿದ್ದವು. ನಮ್ಮ ರಾಯಚೂರು ಜಿಲ್ಲೆ ಆಗ ಹೈದರಾಬಾದ್ ರಾಜ್ಯದಲ್ಲಿತ್ತು. 1948ರ ಸೆಪ್ಟೆಂಬರಿನವರೆಗೆ ನಿಜಾಮರ ಪ್ರಜೆಗಳಾಗಿದ್ದ ನಮ್ಮ ಮುತ್ತಜ್ಜಂದಿರು ಈ ಚುನಾವಣೆಯಲ್ಲಿ ಮತದಾರರಾಗಿ ಸಾಲಿನಲ್ಲಿ ನಿಂತರು.

ಆ ಪಟ್ಟಿಯಲ್ಲೂ ದೊಡ್ಡ ಕೊರತೆ ಉಳಿಯಿತು. ಉತ್ತರ ಭಾರತದ ಹಲವು ಕಡೆ ಹೆಂಗಸರು ತಮ್ಮ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದ್ದರು. ಸ್ವಂತ ಹೆಸರಿಲ್ಲದೆ ಮತವಿಲ್ಲ ಎಂದು ಆಯೋಗ ಹೇಳಿತು. ಸರಿಪಡಿಸಲು ಅವಕಾಶ ಕೊಟ್ಟರೂ ಸುಮಾರು 28 ಲಕ್ಷ ಹೆಂಗಸರ ಹೆಸರು ಬಿಟ್ಟುಹೋಯಿತು. ಅವರೆಲ್ಲ ಈ ನೆಲದವರೇ. ಅವರನ್ನು ಹೊರಗಿಟ್ಟದ್ದು ಒಂದು ಕಾಲಂ.

ಹೇಗ್ ನಗರದವರೆಗೆ

ರಾವ್ ಅವರು ಮೊದಲ ಚುನಾವಣೆ ನಡೆಯುವಾಗ ದೇಶದಲ್ಲಿರಲಿಲ್ಲ. ವಿಶ್ವಸಂಸ್ಥೆಯಲ್ಲಿ ಭಾರತದ ಕಾಯಂ ಪ್ರತಿನಿಧಿಯಾಗಿ ಹೋಗಿದ್ದರು. 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಶುರುವಾದಾಗ ಭದ್ರತಾ ಮಂಡಳಿಯ ಅಧ್ಯಕ್ಷ ಪೀಠದಲ್ಲಿದ್ದವರು ಅವರೇ. 1952ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. ಆ ಹುದ್ದೆಯಲ್ಲಿದ್ದಾಗಲೇ 1953ರ ನವೆಂಬರ್ 30ರಂದು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ತೀರಿಕೊಂಡರು. ಆಗ ಅವರಿಗೆ 66 ವರ್ಷ. 1988ರಲ್ಲಿ ಅಂಚೆ ಇಲಾಖೆ ಅವರ ನೆನಪಿಗೆ ಒಂದು ಅಂಚೆಚೀಟಿ ತಂದಿತು. ತಾವೇ ಒಂದು ಚುನಾವಣೆಗೂ ನಿಲ್ಲದ ಮನುಷ್ಯ ಕೋಟಿಗಟ್ಟಲೆ ಜನರ ಹೆಸರನ್ನು ಪಟ್ಟಿಗೆ ತರುವ ದಾರಿ ಮಾಡಿದ್ದರು.

ಅವರ ನಂತರ ಪಟ್ಟಿಗೆ ಏನಾಯಿತು?

1948ರ ಪ್ರಶ್ನೆ ಅಲ್ಲಿಗೇ ಮುಗಿಯಲಿಲ್ಲ. 1979ರಲ್ಲಿ ಅಸ್ಸಾಂನ ಮಂಗಲ್‌ದೋಯಿ ಲೋಕಸಭಾ ಕ್ಷೇತ್ರದ ಉಪಚುನಾವಣೆಗೆ ಪಟ್ಟಿ ಪರಿಷ್ಕರಿಸುವಾಗ, ವಿದೇಶಿಯರ ಹೆಸರುಗಳಿವೆ ಎಂದು ಸಾವಿರಾರು ಆಕ್ಷೇಪಣೆ ಬಂದವು. ಅಲ್ಲಿಂದ ಶುರುವಾದ ಚಳವಳಿ 1985ರ ಅಸ್ಸಾಂ ಒಪ್ಪಂದದವರೆಗೆ ನಡೆಯಿತು, ನಡುವೆ ಎಷ್ಟೋ ಜೀವ ಹೋದವು. 1997ರಲ್ಲಿ ಅಲ್ಲಿ ಹಲವರ ಹೆಸರಿನ ಮುಂದೆ ಸಂಶಯಾಸ್ಪದ ಎಂಬ ಗುರುತು ಹಾಕಿ ಮತ ತಡೆದರು.

ದೆಹಲಿ, ಮುಂಬೈಗಳಲ್ಲಿ ಕೆಲವು ಬಡಾವಣೆಗಳ ಜನಕ್ಕೆಲ್ಲ ಒಟ್ಟಿಗೆ ನೋಟಿಸ್ ಕೊಟ್ಟು ಪೌರತ್ವ ತೋರಿಸಿ ಎಂದಾಗ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 1995ರ ಲಾಲ್ ಬಾಬು ಹುಸೇನ್ ಪ್ರಕರಣದಲ್ಲಿ ಕೋರ್ಟ್ ಒಂದು ದಾರಿ ತೋರಿಸಿತು. ಹಿಂದಿನಿಂದ ಪಟ್ಟಿಯಲ್ಲಿರುವವರ ಹೆಸರು ನಿಯಮದಂತೆಯೇ ಸೇರಿದೆ ಎಂದು ಅಧಿಕಾರಿ ಮೊದಲು ಭಾವಿಸಬೇಕು. ಸಂಶಯ ಬಂದರೆ ಕಾರಣ ತಿಳಿಸಿ, ಅವರ ಮಾತು ಕೇಳಿ, ಯಾವ ದಾಖಲೆ ಕೊಟ್ಟರೂ ನೋಡಿ ತೀರ್ಮಾನಿಸಬೇಕು. ಪೌರರಲ್ಲದವರಿಗೆ ಮತವಿಲ್ಲ ಎಂಬುದು 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 16ನೇ ಕಲಮಿನಲ್ಲೇ ಇದೆ. ಆದರೆ ಹೆಸರು ತೆಗೆಯುವ ಮೊದಲು ಆ ವ್ಯಕ್ತಿಯ ಮಾತು ಕೇಳಬೇಕು ಎಂಬುದೂ ಅದೇ ಕಾಯ್ದೆಯಲ್ಲಿದೆ. ಎರಡನ್ನೂ ಒಟ್ಟಿಗೆ ಓದಬೇಕು.

ಈ ವಿಷಯ ನಮ್ಮ ಊರಿಗೆ ದೂರದ್ದಲ್ಲ. ಸಿಂಧನೂರು ತಾಲೂಕಿನ ಬಂಗಾಳಿ ಕ್ಯಾಂಪ್‌ಗಳು ನಮಗೆಲ್ಲ ಗೊತ್ತು. ಪೂರ್ವ ಬಂಗಾಳದಿಂದ ಬಂದ ಕುಟುಂಬಗಳನ್ನು ಸರ್ಕಾರವೇ 1970ರ ದಶಕದಲ್ಲಿ ಇಲ್ಲಿ ನೆಲೆಗೊಳಿಸಿತು. ಇಲ್ಲೇ ಹುಟ್ಟಿ ಕನ್ನಡ ಶಾಲೆಯಲ್ಲಿ ಓದಿದ ಅವರ ಮಕ್ಕಳಿದ್ದಾರೆ. ಹಾಗಿದ್ದೂ 2019ರ ತಿದ್ದುಪಡಿ ಕಾಯ್ದೆಯಡಿ ಇಲ್ಲಿನ ಕೆಲವರ ಕೈಗೆ ಪೌರತ್ವದ ಪತ್ರ ಬಂದದ್ದು 2024ರಲ್ಲಿ. ಆ ಕಾಯ್ದೆಯಲ್ಲಿ ಮುಸ್ಲಿಮರ ಹೆಸರಿಲ್ಲ ಎಂಬ ಚರ್ಚೆ ದೇಶವೆಲ್ಲ ನಡೆದಿದೆ, ಅದು ಬೇರೆಯೇ ಲೇಖನದ ವಿಷಯ. ಇಲ್ಲಿ ಹೇಳಬೇಕಾದದ್ದು ಇಷ್ಟೇ: ಒಂದು ಊರಿನಲ್ಲಿ ಅರ್ಧ ಶತಮಾನ ಬದುಕಿದವರ ಕೈಯಲ್ಲೂ ಕಾಗದ ಇಲ್ಲದಿರಬಹುದು.

ಪಟ್ಟಿಯ ದೌರ್ಬಲ್ಯ ಹೊಸ ರೂಪದಲ್ಲೂ ಬರುತ್ತಿದೆ. 2023ರ ವಿಧಾನಸಭಾ ಚುನಾವಣೆಗೆ ಮೊದಲು ಕಲಬುರಗಿ ಜಿಲ್ಲೆಯ ಆಳಂದ ಕ್ಷೇತ್ರದಲ್ಲಿ ಹೆಸರು ತೆಗೆಯಲು ಆನ್‌ಲೈನ್ ಮೂಲಕ 6,018 ಅರ್ಜಿಗಳು ಬಂದವು. ಅಧಿಕಾರಿಗಳು ಒಂದೊಂದನ್ನೇ ಪರಿಶೀಲಿಸಿದಾಗ ಸರಿಯಾಗಿದ್ದವು 24 ಮಾತ್ರ. ಉಳಿದ 5,994 ಅರ್ಜಿಗಳನ್ನು ತಿರಸ್ಕರಿಸಿ ಪೊಲೀಸರಿಗೆ ದೂರು ಕೊಟ್ಟರು. ಬೇರೆಯವರ ಹೆಸರಿನಲ್ಲಿ ಅರ್ಜಿ ಹಾಕುವುದು ಅಷ್ಟು ಸುಲಭವಾಗಿತ್ತು. ಮನೆಗೆ ಹೋಗಿ ನೋಡಿದ್ದರಿಂದ ಸಾವಿರಾರು ಮತ ಉಳಿದವು. ರಾವ್ ಅವರ ಕಾಲದ ಮನೆ ಮನೆ ಭೇಟಿಗೆ ಕಂಪ್ಯೂಟರ್ ಇನ್ನೂ ಬದಲಿಯಾಗಿಲ್ಲ.

ಮನೆ ಭೇಟಿಯಲ್ಲೂ ಕೊರತೆ ಇದೆ. ನಮ್ಮ ಮಸ್ಕಿ, ಲಿಂಗಸುಗೂರು, ಸಿಂಧನೂರು ಭಾಗದಿಂದ ಜನ ಬೆಂಗಳೂರು, ಪುಣೆ ಕಡೆಗೆ ಗುಳೆ ಹೋಗುತ್ತಾರೆ. ಮತಗಟ್ಟೆ ಅಧಿಕಾರಿ ಬಂದಾಗ ಮನೆಗೆ ಬೀಗ. ಊರು ಬಿಟ್ಟಿದ್ದಾರೆ ಎಂದು ಬರೆದುಕೊಂಡರೆ ಹೆಸರು ಹೋದಂತೆಯೇ. ಆದರೆ ತಾತ್ಕಾಲಿಕವಾಗಿ ಹೊರಗೆ ಹೋದ ಮಾತ್ರಕ್ಕೆ ಯಾರೂ ಊರಿನ ವಾಸಿ ಅಲ್ಲ ಎಂದಾಗುವುದಿಲ್ಲ, ಕಾಯ್ದೆಯ 20ನೇ ಕಲಮು ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಇನ್ನು ನಮ್ಮಂಥ ಉರ್ದು ಮನೆಗಳ ಕಷ್ಟ ಬೇರೆ. ಹೆಸರು ಇಡುವುದು ಉರ್ದುವಿನಲ್ಲಿ, ಪಟ್ಟಿ ಅಚ್ಚಾಗುವುದು ಕನ್ನಡದಲ್ಲಿ, ಶಾಲೆಯ ಟಿ.ಸಿ. ಇಂಗ್ಲಿಷಿನಲ್ಲಿ. ಖೈರುನ್ನಿಸಾ ಒಂದು ಕಡೆ ಕೈರುನ್‌ಬಿ ಆಗುತ್ತಾರೆ, ಇನ್ನೊಂದು ಕಡೆ ಖೈರೂನ್ ಬೇಗಂ ಆಗುತ್ತಾರೆ. ದಾಖಲೆ ನೋಡುವವರಿಗೆ ಮೂವರು ಹೆಂಗಸರು, ಮನೆಯಲ್ಲಿರುವುದು ಒಬ್ಬರೇ ದಾದಿಮಾ. 1952ರ ಹೆಸರಿಲ್ಲದ ಹೆಂಗಸರ ಸಮಸ್ಯೆಗೂ ಇಂದಿನ ಮೂರು ಹೆಸರಿನ ಹೆಂಗಸರ ಸಮಸ್ಯೆಗೂ ಹೆಚ್ಚು ದೂರವಿಲ್ಲ.

ನಾವು ಮಾಡಬೇಕಾದದ್ದು

ಸ್ನೇಹಿತರೇ, ಮತದ ವಯಸ್ಸು 1989ರಿಂದ 18. ಈಗ 17 ತುಂಬಿದವರು ಮುಂಚಿತವಾಗಿಯೇ ನಮೂನೆ 6ರಲ್ಲಿ ಅರ್ಜಿ ಕೊಡಬಹುದು. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ 1ನೇ ತಾರೀಖು, ಈ ನಾಲ್ಕರಲ್ಲಿ ಯಾವುದಕ್ಕೆ 18 ತುಂಬುತ್ತದೋ ಅದರಂತೆ ಹೆಸರು ಸೇರುತ್ತದೆ. ಹೆಸರಿನ ಅಕ್ಷರ ತಪ್ಪಿದ್ದರೆ ನಮೂನೆ 8. ಇರಬಾರದ ಹೆಸರು ಇದ್ದರೆ ಆಕ್ಷೇಪಣೆಗೆ ನಮೂನೆ 7. ಅರ್ಜಿಯಲ್ಲಿ ನಾನು ಭಾರತದ ಪೌರ ಎಂದು ನಾವೇ ಸಹಿ ಮಾಡುತ್ತೇವೆ. ಗೊತ್ತಿದ್ದೂ ಸುಳ್ಳು ಘೋಷಣೆ ಕೊಟ್ಟರೆ ಒಂದು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು. ಆಧಾರ್ ಪೌರತ್ವದ ಸಾಕ್ಷಿಯಲ್ಲ ಎಂಬುದೂ ತಿಳಿದಿರಲಿ, ಆಧಾರ್ ಕಾಯ್ದೆಯೇ ಹಾಗೆ ಹೇಳುತ್ತದೆ. ಹೆಸರು ತೆಗೆದರೆ ಸುಮ್ಮನಿರಬೇಕಾಗಿಲ್ಲ. ಮೊದಲ ಮೇಲ್ಮನವಿ ಜಿಲ್ಲಾಧಿಕಾರಿಗೆ, ಎರಡನೆಯದು ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ.

ಕರಡು ಪಟ್ಟಿ ಪ್ರಕಟವಾದಾಗ ನಮ್ಮ ಮನೆಯ, ನಮ್ಮ ಓಣಿಯ ಹೆಸರುಗಳನ್ನು ಓದಿ ನೋಡುವುದು ಓದು ಬಲ್ಲ ಮಕ್ಕಳ ಕೆಲಸ. ತೀರಿಕೊಂಡವರ ಹೆಸರು ಉಳಿದಿದ್ದರೆ ತಿಳಿಸೋಣ, ಗುಳೆ ಹೋದವರ ಹೆಸರು ಹೋಗಿದ್ದರೆ ಫೋನ್ ಮಾಡಿ ಹೇಳೋಣ. ಅಮ್ಮಿ, ದಾದಿಮಾ ಅವರ ಹೆಸರು ಎಲ್ಲ ದಾಖಲೆಗಳಲ್ಲೂ ಒಂದೇ ರೀತಿ ಇದೆಯೇ ಎಂದು ಈಗಲೇ ನೋಡೋಣ, ಚುನಾವಣೆ ಘೋಷಣೆಯಾಗುವವರೆಗೆ ಕಾಯುವುದು ಬೇಡ.

ಪಟ್ಟಿ ಶುದ್ಧವಾಗಿರಬೇಕು, ಪೌರರಲ್ಲದವರು ಅದರಲ್ಲಿ ಇರಬಾರದು. ಇದರಲ್ಲಿ ಎರಡು ಮಾತಿಲ್ಲ. ಆದರೆ ಶುದ್ಧ ಮಾಡುವ ಕೈ ಯಾವ ಕಡೆಯಿಂದ ಶುರು ಮಾಡುತ್ತದೆ ಎಂಬುದು ಮುಖ್ಯ. ರಾವ್ ಅವರ ಕಚೇರಿ ಮನುಷ್ಯನ ಮಾತನ್ನು ಮೊದಲು ಬರೆದುಕೊಂಡಿತು, ಪರಿಶೀಲನೆಯನ್ನು ಆಮೇಲೆ ಇಟ್ಟುಕೊಂಡಿತು. ಊರೇ ಒಡೆದುಹೋಗಿದ್ದ ಕಾಲದಲ್ಲಿ, ಯಾರನ್ನು ನಂಬಬೇಕೆಂದು ಯಾರಿಗೂ ತಿಳಿಯದ ಕಾಲದಲ್ಲಿ ಅವರು ಹಾಗೆ ಮಾಡಿದರು. ಅದಕ್ಕಿಂತ ಶಾಂತವಾದ ಕಾಲದಲ್ಲಿರುವ ನಮಗೆ ಅದು ಕಷ್ಟವಾಗಬಾರದು.